ಎಂಜಿಬಿಯ ಜೋಡಿ ಎಸ್‌ಯು ಕಾರ್ಬೊರೇಟರ್: ಐಡ್ಲಿಂಗ್‌ನಲ್ಲಿ ಸರಿ ಬಂದರೆ ಸಾಲದು

ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್‌ಗೆ ಎರಡು ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಸಾಧನ. 1962ರಲ್ಲಿ ಗಾಡಿ ಮಾರುಕಟ್ಟೆಗೆ ಬಂದಾಗ ಇದ್ದದ್ದು ಎಸ್‌ಯು ಕಂಪನಿಯ ಒಂದೂವರೆ ಇಂಚಿನ ಎಚ್‌ಎಸ್4. 1970ರ ದಶಕದ ಮೊದಲ ವರ್ಷಗಳಲ್ಲಿ ಅದರ ಜಾಗಕ್ಕೆ ಎಚ್‌ಐಎಫ್4 ಬಂತು. ಈ ಬರಹ ಎಚ್‌ಎಸ್4 ಜೋಡಿಯೊಂದನ್ನು ಬ್ಯಾಲೆನ್ಸ್ ಮಾಡಿದ, ಅಂದರೆ ಎರಡೂ ಸಮವಾಗಿ ಕೆಲಸ ಮಾಡುವಂತೆ ಹೊಂದಿಸಿದ ವಿವರ.

ಗಾಡಿಯ ದೂರು ಇಷ್ಟು: ಐಡ್ಲಿಂಗ್ (ಪೆಡಲ್ ಒತ್ತದೆ ನಿಂತಲ್ಲೇ ಓಡುವುದು) ಮೆತ್ತಗಿದೆ, ಪೂರ್ತಿ ಒತ್ತಿದರೆ ಎಳೆತವೂ ಇದೆ. ಆದರೆ ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಒಮ್ಮೆ ಮುಗ್ಗರಿಸುತ್ತದೆ, 1500ರಿಂದ 2000 ಆರ್‌ಪಿಎಂ ನಡುವೆ ಒಂದೇ ವೇಗದಲ್ಲಿ ಹೋಗುವಾಗ ಸಣ್ಣಗೆ ಜಗ್ಗುತ್ತದೆ. ಇಂಥ ಗಾಡಿಗೆ ಸಾಮಾನ್ಯವಾಗಿ ಯಾರೋ ಆಗಲೇ ‘ಬ್ಯಾಲೆನ್ಸ್’ ಮಾಡಿರುತ್ತಾರೆ, ಐಡ್ಲಿಂಗ್‌ನಲ್ಲಿ ಮಾತ್ರ. ಐಡ್ಲಿಂಗ್‌ನಲ್ಲಿ ಎರಡೂ ಸಮವಾಗಿ ಉಸಿರಾಡುವುದು ಅರ್ಧ ಕೆಲಸ. ಪೆಡಲ್ ಒತ್ತಿದಾಗ ಎರಡು ಥ್ರಾಟಲ್‌ಗಳೂ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಗಳು) ಒಂದೇ ಕ್ಷಣದಲ್ಲಿ ಬಾಯಿ ತೆರೆಯಬೇಕು. ಅದನ್ನು ನಿರ್ಧರಿಸುವುದು ನಡುವಿನ ಲಿಂಕೇಜ್, ಅಂದರೆ ಎರಡನ್ನೂ ಜೋಡಿಸುವ ರಾಡ್ ಮತ್ತು ಲಿವರ್‌ಗಳು. ಹೆಚ್ಚಿನವರು ಕೊನೆಗೆ ಅವಸರದಲ್ಲಿ ಬಿಗಿಮಾಡಿ ಬಿಡುವುದೂ ಅದನ್ನೇ.

ಕಾರ್ಬೊರೇಟರ್ ಮುಟ್ಟುವ ಮೊದಲು

ಟ್ಯಾಪೆಟ್ (ವಾಲ್ವ್ ತೆರೆಯುವ ಕೊಂಡಿಯ ಸಂದು), ಪಾಯಿಂಟ್ಸ್ (ಕಿಡಿಗಾಗಿ ಕರೆಂಟ್ ಕಡಿಯುವ ಸಂಪರ್ಕ), ಪ್ಲಗ್, ಟೈಮಿಂಗ್ (ಕಿಡಿ ಹಾರುವ ಹೊತ್ತು): ಈ ನಾಲ್ಕೂ ಮುಗಿಯದೆ ಕಾರ್ಬೊರೇಟರ್‌ನ ಒಂದು ಸ್ಕ್ರೂ ಕೂಡ ತಿರುಗಿಸಬಾರದು. ಬಿಗಿಯಾದ ಟ್ಯಾಪೆಟ್ಟಿನಿಂದ ಒಂದು ವಾಲ್ವ್ ಸರಿಯಾಗಿ ಕೂರದಿದ್ದರೆ ಆ ಸಿಲಿಂಡರ್ ದುರ್ಬಲವಾಗುತ್ತದೆ. ಅದನ್ನು ಸರಿದೂಗಿಸಲು ನಾವು ಆ ಬದಿಯ ಕಾರ್ಬೊರೇಟರ್‌ಗೆ ಪೆಟ್ರೋಲ್ ಹೆಚ್ಚಿಸುತ್ತೇವೆ, ಅಲ್ಲಿಂದ ಎಲ್ಲವೂ ದಾರಿ ತಪ್ಪುತ್ತದೆ.

ಈ ಎಂಜಿನ್‌ಗೆ ಟ್ಯಾಪೆಟ್ ಸಂದು ತಣ್ಣಗಿರುವಾಗ 0.015 ಇಂಚು, ಅಂದರೆ 0.38 ಮಿ.ಮೀ. ಒಂಬತ್ತರ ಲೆಕ್ಕ ನೆನಪಿಟ್ಟರೆ ಕೆಲಸ ಸುಲಭ. ಎಂಟನೇ ವಾಲ್ವ್ ಪೂರ್ತಿ ತೆರೆದಿರುವಾಗ ಒಂದನೆಯದನ್ನು ನೋಡಬೇಕು, ಆರನೆಯದು ತೆರೆದಿರುವಾಗ ಮೂರನೆಯದನ್ನು. ಎರಡರ ಮೊತ್ತ ಯಾವಾಗಲೂ ಒಂಬತ್ತು. ಪಾಯಿಂಟ್ಸ್ ಸಂದು 0.015 ಇಂಚು, ಪ್ಲಗ್ ಸಂದು 0.025 ಇಂಚು. ಮೊದಲಿನ ಹೈ ಕಂಪ್ರೆಷನ್ ಎಂಜಿನ್‌ಗಳಿಗೆ ಸ್ಟ್ಯಾಟಿಕ್ ಟೈಮಿಂಗ್ (ಎಂಜಿನ್ ನಿಲ್ಲಿಸಿ ಇಡುವುದು) ಟಿಡಿಸಿಗಿಂತ, ಅಂದರೆ ಸಿಲಿಂಡರ್‌ನ ಪಿಸ್ಟನ್ ತೀರಾ ಮೇಲಿರುವ ಜಾಗಕ್ಕಿಂತ, 10 ಡಿಗ್ರಿ ಮುಂಚೆ. ಸ್ಟ್ರೋಬ್ ಲೈಟ್ ಹಿಡಿದು ನೋಡುವಾಗ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ನಳಿಗೆ ತೆಗೆದು ಬಾಯಿ ಮುಚ್ಚಿರಬೇಕು. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಅಳೆದು ನೋಡುವುದೂ ಒಳ್ಳೆಯದು. ಒಂದು ಸಿಲಿಂಡರ್ ಉಳಿದವಕ್ಕಿಂತ ತುಂಬ ಕೆಳಗಿದ್ದರೆ ಬ್ಯಾಲೆನ್ಸ್ ಮಾಡುವ ಮಾತೇ ಇಲ್ಲ, ಮೊದಲು ಹೆಡ್ ಬಿಚ್ಚಬೇಕು.

ಆಮೇಲೆ ಗಾಳಿ ಸೋರಿಕೆ. ಎಂಜಿನ್ ಓಡುತ್ತಿರುವಾಗ ಇನ್‌ಲೆಟ್ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಗ್ಯಾಸ್ಕೆಟ್, ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಇನ್ಸುಲೇಟರ್, ಬ್ರೇಕ್ ಸರ್ವೋ ಇದ್ದರೆ ಅದರ ಹೋಸ್, ಇಷ್ಟು ಕಡೆ ಸ್ವಲ್ಪ ಸ್ವಲ್ಪ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿದೆವು. ಎಂಜಿನ್ ಸದ್ದು ಬದಲಾದ ಜಾಗದಲ್ಲಿ ಸೋರಿಕೆ ಇದೆ ಎಂದರ್ಥ. ಕ್ಲೀನರ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು, ಈ ಎಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ. ಹಾಗಾಗಿ ಸಣ್ಣ ನಳಿಗೆ ಸಿಕ್ಕಿಸಿ, ಗುರಿಯಿಟ್ಟು, ಹನಿಯಷ್ಟೇ ಬಿಡಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ, ಬಾಗಿಲು ತೆರೆದಿರಲಿ.

ಹೆಚ್ಚು ಗಮನ ಬೇಕಾದದ್ದು ಥ್ರಾಟಲ್ ತಟ್ಟೆಯನ್ನು ತಿರುಗಿಸುವ ಸ್ಪಿಂಡಲ್‌ನ ಎರಡು ತುದಿಗಳಿಗೆ. ಇಷ್ಟು ವರ್ಷ ಓಡಿದ ಎಚ್‌ಎಸ್4ನಲ್ಲಿ ಸ್ಪಿಂಡಲ್ ಮತ್ತು ಅದು ಕೂರುವ ತೂತು ಸವೆಯದೇ ಇದ್ದರೆ ಆಶ್ಚರ್ಯ. ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದಾಗ ಆಟ ಕೈಗೆ ಗೊತ್ತಾದರೆ ಅಲ್ಲಿಂದ ಗಾಳಿ ಒಳಗೆ ಬರುತ್ತಿದೆ. ಆ ಗಾಳಿ ಅಳತೆಗೆ ಸಿಗುವುದಿಲ್ಲ. ಕಾರ್ಬೊರೇಟರ್ ಬಾಯಿಯ ಮೇಲೆ ಇಟ್ಟ ಗಾಳಿ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಸಾಲದ್ದಕ್ಕೆ ಥ್ರಾಟಲ್ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಮುಚ್ಚುವುದರಿಂದ ಐಡ್ಲಿಂಗ್ ಒಮ್ಮೆ 700, ಇನ್ನೊಮ್ಮೆ 1100. ಇದಕ್ಕೆ ಹೊಂದಾಣಿಕೆಯ ಮದ್ದಿಲ್ಲ. ಹೊಸ ಸ್ಪಿಂಡಲ್ ಹಾಕಬೇಕು, ತೂತು ಸವೆದಿದ್ದರೆ ಬುಷ್ ಹಾಕಿಸಬೇಕು.

1960ರ ದಶಕದ ಕೊನೆಯಿಂದ ಹೊಗೆ ನಿಯಂತ್ರಣದ ಸಲುವಾಗಿ ಕೆಲವು ಗಾಡಿಗಳ ಥ್ರಾಟಲ್ ತಟ್ಟೆಯಲ್ಲೇ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ಕೂರಿಸಿರುತ್ತಾರೆ. ಆ ಸ್ಪ್ರಿಂಗ್ ದುರ್ಬಲವಾದರೆ ಥ್ರಾಟಲ್ ಪೂರ್ತಿ ಮುಚ್ಚಿದರೂ ಐಡ್ಲಿಂಗ್ ಇಳಿಯುವುದಿಲ್ಲ. ಐಡಲ್ ಸ್ಕ್ರೂ ಪೂರ್ತಿ ಹೊರಗೆ ಬಂದರೂ ವೇಗ ಇಳಿಯದಿದ್ದರೆ ಮೊದಲು ಇದನ್ನು ಅನುಮಾನಿಸಿ.

ಪಿಸ್ಟನ್, ನೀಡಲ್, ಜೆಟ್

ಎಸ್‌ಯು ಕೆಲಸ ಮಾಡುವ ರೀತಿ ಗೊತ್ತಿದ್ದರೆ ತಪ್ಪು ಹುಡುಕುವುದು ಸುಲಭ. ಎಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಅದಕ್ಕೆ ತಕ್ಕಂತೆ ಕಾರ್ಬೊರೇಟರ್‌ನೊಳಗಿನ ಪಿಸ್ಟನ್ ಮೇಲೇಳುತ್ತದೆ. ಪಿಸ್ಟನ್ನಿಗೆ ಕಟ್ಟಿದ ಚೂಪು ನೀಡಲ್ 0.090 ಇಂಚಿನ ಜೆಟ್‌ನಿಂದ (ಪೆಟ್ರೋಲ್ ಬರುವ ತೂತು) ಮೇಲೆ ಬಂದಷ್ಟೂ ಸುತ್ತಲಿನ ಸಂದು ದೊಡ್ಡದಾಗಿ ಪೆಟ್ರೋಲ್ ಹೆಚ್ಚುತ್ತದೆ. ಹೀಗಾಗಿ ಪಿಸ್ಟನ್ ಸಲೀಸಾಗಿ ಚಲಿಸದಿದ್ದರೆ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ಎಷ್ಟು ತಿದ್ದಿದರೂ ನೀರಿನಲ್ಲಿ ಹೋಮ.

ಡ್ಯಾಷ್‌ಪಾಟ್ (ಈ ಪಿಸ್ಟನ್ ಏರಿಳಿಯುವ ಗಂಟೆಯಂಥ ಮುಚ್ಚಳ) ಬಿಚ್ಚುವ ಮುಂಚೆ ಅದಕ್ಕೂ ಬಾಡಿಗೂ ಗುರುತು ಹಾಕಿದೆವು. ಡ್ಯಾಷ್‌ಪಾಟ್ ಮತ್ತು ಪಿಸ್ಟನ್ ಜೋಡಿಯಾಗಿ ತಯಾರಾದವು, ಮುಂದಿನದನ್ನು ಹಿಂದಿನದಕ್ಕೆ ಹಾಕಿದರೆ ಆ ಅಳತೆ ಹೋಯಿತು. ಒಳಗೆ ಪೆಟ್ರೋಲ್ ಅಥವಾ ಸ್ಪಿರಿಟ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಬೇಕು. ಎಮರಿ ಕಾಗದ, ಲೋಹದ ಪಾಲಿಷ್ ಯಾವುದೂ ಬೇಡ. ಪಿಸ್ಟನ್ನಿನ ದೊಡ್ಡ ಸುತ್ತಿಗೂ ಗೋಡೆಗೂ ಎಣ್ಣೆ ಹಚ್ಚಬಾರದು, ಅಲ್ಲಿ ಇರಬೇಕಾದದ್ದು ಗಾಳಿಯ ಸಂದು ಮಾತ್ರ. ಎಣ್ಣೆ ಬೇಕಾದದ್ದು ನಡುವಿನ ರಾಡಿಗೆ.

ಸವೆತ ನೋಡಲು ಬೀಳುವ ಪರೀಕ್ಷೆ ಇದೆ. ಪಿಸ್ಟನ್ನಿನ ಗಾಳಿ ತೂತುಗಳನ್ನು ಮೇಣದಂಥದ್ದರಿಂದ ಮುಚ್ಚಿ, ಡ್ಯಾಂಪರ್ (ಪಿಸ್ಟನ್ ಏಳುವುದನ್ನು ನಿಧಾನಿಸುವ ಪುಟ್ಟ ರಾಡ್) ಸಿಕ್ಕಿಸಿ, ಡ್ಯಾಷ್‌ಪಾಟ್ ತಲೆಕೆಳಗಾಗಿಸಿ ಪಿಸ್ಟನ್ ಪೂರ್ತಿ ಒಳಗಿರುವಂತೆ ಹಿಡಿದು, ಬಳಿಕ ನೆಟ್ಟಗೆ ತಿರುಗಿಸಿ ಪಿಸ್ಟನ್ ಕೆಳಗೆ ಜಾರುವುದಕ್ಕೆ ಎಷ್ಟು ಸೆಕೆಂಡ್ ಬೇಕು ನೋಡುವುದು. ಒಂದೂವರೆ ಇಂಚಿನದಕ್ಕೆ 5ರಿಂದ 7 ಸೆಕೆಂಡ್. ಎರಡರ ನಡುವೆ ತುಂಬ ವ್ಯತ್ಯಾಸವಿದ್ದರೆ ಅವು ಎಂದಿಗೂ ಒಂದೇ ರೀತಿ ಏಳುವುದಿಲ್ಲ.

ನೀಡಲ್‌ನ ಭುಜ ಪಿಸ್ಟನ್ನಿನ ಕೆಳಮುಖಕ್ಕೆ ಸಮನಾಗಿರಬೇಕು. ಒಂದರಲ್ಲಿ ಸಮ, ಇನ್ನೊಂದರಲ್ಲಿ ಸ್ವಲ್ಪ ಒಳಗೆ ಹೋಗಿದ್ದರೆ ಎರಡು ಜೆಟ್‌ಗಳನ್ನು ಎಷ್ಟೇ ಲೆಕ್ಕ ಹಾಕಿ ತಿರುಗಿಸಿದರೂ ಮಿಕ್ಸ್ಚರ್ ಬೇರೆಯೇ. ಎರಡರಲ್ಲೂ ಒಂದೇ ಗುರುತಿನ ನೀಡಲ್ ಇದೆಯೇ ಎಂದು ಕಣ್ಣಿಟ್ಟು ಓದಿ; ಅಕ್ಷರಗಳು ಅದರ ಬುಡದಲ್ಲಿ ಕೊರೆದಿರುತ್ತವೆ.

ಹಳೆಯ ಎಚ್‌ಎಸ್4ನಲ್ಲಿ ನೀಡಲ್ ಅಲುಗಾಡದ ಬಗೆಯದು. ಅದಕ್ಕೆ ಜೆಟ್ ನಡುಮಧ್ಯ ಕೂರಬೇಕು. ಪಿಸ್ಟನ್ ಎತ್ತಿ ಬಿಟ್ಟಾಗ ಟಕ್ ಎಂದು ಲೋಹದ ಸದ್ದು ಬರಬೇಕು, ಜೆಟ್ ಮೇಲಿದ್ದಾಗಲೂ ಪೂರ್ತಿ ಕೆಳಗಿದ್ದಾಗಲೂ ಅದೇ ಸದ್ದು. ಜೆಟ್ ಮೇಲಿದ್ದಾಗ ಸದ್ದು ಮಂಕಾದರೆ ನೀಡಲ್ ಅಂಚಿಗೆ ಉಜ್ಜುತ್ತಿದೆ. ಜೆಟ್‌ನ ಲಾಕ್ ನಟ್ ಸಡಿಲಿಸಿ, ಪಿಸ್ಟನ್ ಕೆಳಗೊತ್ತಿ ಹಿಡಿದು ಮತ್ತೆ ಬಿಗಿ ಮಾಡಬೇಕು. ನಂತರದ ಗಾಡಿಗಳಲ್ಲಿ ಸ್ಪ್ರಿಂಗ್‌ನಿಂದ ಒಂದು ಬದಿಗೆ ಒರಗುವ ನೀಡಲ್ ಬಂದ ಮೇಲೆ ಈ ಕೆಲಸ ಉಳಿದಿಲ್ಲ.

ಡ್ಯಾಂಪರ್‌ಗೆ 20 ಗ್ರೇಡಿನ ಎಣ್ಣೆ, ಪೊಳ್ಳು ರಾಡಿನ ತುದಿಗಿಂತ ಅರ್ಧ ಇಂಚು ಮೇಲಿನವರೆಗೆ. ಈ ಎಣ್ಣೆ ಪಿಸ್ಟನ್ ಥಟ್ಟನೆ ಏಳದಂತೆ ತಡೆಯುತ್ತದೆ. ಆ ಕ್ಷಣಕ್ಕೆ ಗಾಳಿಯ ಸೆಳೆತ ಜೆಟ್ ಮೇಲೆ ಹೆಚ್ಚಾಗಿ ಪೆಟ್ರೋಲ್ ಸಮೃದ್ಧವಾಗುತ್ತದೆ. ಎಣ್ಣೆ ಒಣಗಿದರೆ ಪೆಡಲ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ. ನಮ್ಮ ಗಾಡಿಯ ದೂರಿಗೂ ಇದೇ ಕಾರಣವಿರಬಹುದಿತ್ತು. ಕ್ಯಾಪ್ ಬಿಚ್ಚಿ ನೋಡಿದರೆ ಎರಡರಲ್ಲೂ ಎಣ್ಣೆ ಸರಿಯಾಗಿಯೇ ಇತ್ತು.

ಫ್ಲೋಟ್ ಬೌಲ್ (ಪೆಟ್ರೋಲ್ ಮಟ್ಟ ಕಾಯುವ ಬಟ್ಟಲು) ಬೇಗ ಮುಗಿಯುವ ಕೆಲಸ. ಮುಚ್ಚಳ ತಲೆಕೆಳಗಾಗಿ ಹಿಡಿದಾಗ ನೈಲಾನ್ ಫ್ಲೋಟ್‌ಗೂ ಮುಚ್ಚಳದ ಅಂಚಿಗೂ ನಡುವೆ ಎಂಟನೇ ಒಂದರಿಂದ ಹದಿನಾರನೇ ಮೂರು ಇಂಚು, ಅಂದರೆ 3.2ರಿಂದ 4.8 ಮಿ.ಮೀ. ಎರಡೂ ಬೌಲ್‌ಗಳಲ್ಲಿ ಒಂದೇ ಇರುವುದು ಮುಖ್ಯ. ಇಗ್ನಿಷನ್ ಹಾಕಿದಾಗ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಟಿಕ್ ಟಿಕ್ ಎಂದು ಬೌಲ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದೆ ಸದ್ದು ಮಾಡುತ್ತಲೇ ಇದ್ದರೆ ಒಂದು ಫ್ಲೋಟ್ ವಾಲ್ವ್ ಹಿಡಿಯುತ್ತಿಲ್ಲ, ಅಥವಾ ಎಲ್ಲೋ ಸೋರುತ್ತಿದೆ.

ಎರಡನ್ನೂ ಬಿಡಿಸಿ, ಒಂದೊಂದಾಗಿ

ಏರ್ ಫಿಲ್ಟರ್ ಡಬ್ಬಿಗಳನ್ನು ತೆಗೆದು, ಕೂಲಂಟ್ ಪೂರ್ತಿ ಬಿಸಿಯಾಗುವವರೆಗೆ ಗಾಡಿ ಓಡಿಸಿ ತಂದೆವು. ಬಾನೆಟ್ ತೆಗೆದು ಐಡ್ಲಿಂಗ್‌ನಲ್ಲಿ ಬಿಸಿ ಮಾಡಿದರೆ ಸಾಕಾಗುವುದಿಲ್ಲ, ಮ್ಯಾನಿಫೋಲ್ಡ್ ಮತ್ತು ಎಣ್ಣೆಗೂ ಬಿಸಿ ತಗುಲಬೇಕು.

ಎರಡು ಕಾರ್ಬೊರೇಟರ್‌ಗಳ ನಡುವೆ ಎರಡು ರಾಡ್‌ಗಳಿವೆ: ಒಂದು ಥ್ರಾಟಲ್‌ನದು, ಇನ್ನೊಂದು ಚೋಕ್‌ನದು (ತಣ್ಣನೆಯ ಚಾಲೂಗೆ ಜೆಟ್ ಇಳಿಸುವುದು). ಎರಡರ ಕ್ಲಾಂಪ್ ಬೋಲ್ಟ್‌ಗಳನ್ನೂ ಸಡಿಲಿಸಬೇಕು. ಹೀಗೆ ಮಾಡಿದರೆ ಮಾತ್ರ ಪ್ರತಿ ಕಾರ್ಬೊರೇಟರ್ ಸ್ವತಂತ್ರ. ಫಾಸ್ಟ್ ಐಡಲ್ (ಚೋಕ್ ಎಳೆದಾಗಿನ ವೇಗ) ಸ್ಕ್ರೂಗಳನ್ನು ಕ್ಯಾಮ್ ಮುಟ್ಟದಂತೆ ಹಿಂದಕ್ಕೆ ತಿರುಗಿಸಬೇಕು. ಐಡಲ್ ಸ್ಕ್ರೂಗಳನ್ನು ಥ್ರಾಟಲ್ ಪೂರ್ತಿ ಮುಚ್ಚುವವರೆಗೆ ಹೊರಗೆ ತಂದು, ಮುಟ್ಟಿದ ಜಾಗದಿಂದ ಒಂದು ಸುತ್ತು ಒಳಗೆ. ಜೆಟ್ ನಟ್‌ಗಳನ್ನು ಜೆಟ್ ಬ್ರಿಡ್ಜ್‌ಗೆ (ಪಿಸ್ಟನ್ ಕೆಳಗಿನ ದಿಬ್ಬ) ಸಮನಾಗುವವರೆಗೆ ಮೇಲಕ್ಕೇರಿಸಿ, ಅಲ್ಲಿಂದ ಎರಡು ಸುತ್ತು ಕೆಳಗೆ, ಅಂದರೆ ನಟ್‌ನ ಆರು ಮುಖಗಳ ಲೆಕ್ಕದಲ್ಲಿ ಹನ್ನೆರಡು ಮುಖ. ನಟ್ ಕೆಳಗಿಳಿದಷ್ಟೂ ರಿಚ್ (ಪೆಟ್ರೋಲ್ ಹೆಚ್ಚು), ಮೇಲೇರಿದಷ್ಟೂ ಲೀನ್ (ಪೆಟ್ರೋಲ್ ಕಡಿಮೆ).

ಇಲ್ಲಿ ಒಂದು ಚಾಳಿ ಬೆಳೆಸಿಕೊಳ್ಳುವುದು ಒಳ್ಳೆಯದು: ಪ್ರತಿ ಸಲ ನಟ್ ತಿರುಗಿಸಿದ ಮೇಲೆ ಜೆಟ್‌ನ ತಲೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ನೋಡುವುದು. ಚೋಕ್ ಎಳೆದು ಬಿಟ್ಟ ಮೇಲೆ ಜೆಟ್ ಅಂಟಿಕೊಂಡು ನಟ್‌ಗೆ ತಾಗದೆ ಅರ್ಧಕ್ಕೇ ನಿಲ್ಲುವುದು ಎಚ್‌ಎಸ್ ಮಾದರಿಗಳಲ್ಲಿ ಸಾಮಾನ್ಯ. ಆಗ ನಟ್ ಎಷ್ಟು ಮೇಲೇರಿಸಿದರೂ ಆ ಬದಿ ರಿಚ್ ಆಗಿಯೇ ಉಳಿಯುತ್ತದೆ. ಕಾರಣ ಗೊತ್ತಿಲ್ಲದವರು ಇನ್ನೊಂದನ್ನೂ ರಿಚ್ ಮಾಡಿ ಸಮ ಮಾಡಿಬಿಡುತ್ತಾರೆ.

ಗಾಳಿ ಅಳೆಯಲು ಮೂರು ದಾರಿ. ಮೊದಲನೆಯದು ಅರ್ಧ ಮೀಟರ್ ರಬ್ಬರ್ ಪೈಪ್. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಯ ಒಂದೇ ಜಾಗಕ್ಕೆ. ಹುಸ್ ಎಂಬ ಸದ್ದಿನ ಗಟ್ಟಿತನ ಎರಡರಲ್ಲೂ ಒಂದೇ ಆಗುವವರೆಗೆ ತಿದ್ದುವುದು. ಕೈಪಿಡಿಗಳು ಹೇಳುವುದೂ ಇದನ್ನೇ, ಅಭ್ಯಾಸವಾದ ಕಿವಿಗೆ ಇದು ಸಾಕು. ಎರಡನೆಯದು ಯೂನಿಸಿನ್: ನಿಂತ ಗಾಜಿನ ನಳಿಗೆಯಲ್ಲಿ ಕೆಂಪು ಮಣಿ ಮೇಲೇಳುತ್ತದೆ. ಆದರೆ ಅದು ಬಾಯಿಯನ್ನು ಅರ್ಧ ಮುಚ್ಚುವುದರಿಂದ ಹಿಡಿದ ಕೂಡಲೇ ಎಂಜಿನ್ ವೇಗ ಬೀಳುತ್ತದೆ, ಓದುವುದಕ್ಕೆ ಸಿಗುವುದು ಒಂದೆರಡು ಸೆಕೆಂಡ್. ಮೂರನೆಯದು ಸಿಂಕ್ರೊಮೀಟರ್, ಗಂಟೆಗೆ ಎಷ್ಟು ಕಿಲೊ ಗಾಳಿ ಎಂದು ಮುಳ್ಳು ತೋರಿಸುವುದು. ಇದು ಎಂಜಿನ್ನಿಗೆ ಹೆಚ್ಚು ಅಡ್ಡಿ ಮಾಡುವುದಿಲ್ಲ, ನಾವು ಬಳಸಿದ್ದು ಇದನ್ನೇ. ರಬ್ಬರ್ ಅಂಚು ಬಾಯಿಗೆ ಪೂರ್ತಿ ಕೂತಿದೆಯೇ ಎಂಬುದೊಂದೇ ಎಚ್ಚರಿಕೆ.

ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿ ಬ್ಯಾಲೆನ್ಸ್ ಮಾಡುತ್ತೇವೆ ಎನ್ನುವವರೂ ಇದ್ದಾರೆ. ಈ ಮ್ಯಾನಿಫೋಲ್ಡ್‌ನಲ್ಲಿ ಎರಡು ಬದಿಗಳನ್ನು ಜೋಡಿಸುವ ಬ್ಯಾಲೆನ್ಸ್ ಪೈಪ್ ಇದೆ. ಒಂದು ಬದಿಯ ಕೊರತೆಯನ್ನು ಇನ್ನೊಂದು ತುಂಬಿಸುತ್ತದೆ, ಗೇಜ್ ಎರಡರ ಸರಾಸರಿಯನ್ನಷ್ಟೇ ತೋರಿಸುತ್ತದೆ. ಐಡ್ಲಿಂಗ್ ಮೆತ್ತಗಿದ್ದರೂ ಬ್ಯಾಲೆನ್ಸ್ ಕೆಟ್ಟಿರಬಹುದು ಎನ್ನುವುದಕ್ಕೆ ಕಾರಣವೂ ಇದೇ ಪೈಪ್.

ಎಂಜಿನ್ ಚಾಲೂ ಮಾಡಿದಾಗ ಹಿಂದಿನ ಕಾರ್ಬೊರೇಟರ್‌ನಲ್ಲಿ ಮುಳ್ಳು ಆರೂವರೆ, ಮುಂದಿನದರಲ್ಲಿ ನಾಲ್ಕೂವರೆ. ಎರಡು ಸ್ಕ್ರೂಗಳನ್ನೂ ಕಾಲು ಕಾಲು ಸುತ್ತು ಎದುರು ದಿಕ್ಕಿಗೆ ತಿರುಗಿಸುತ್ತ, ಪ್ರತಿ ಸಲ ಪೆಡಲ್ ಒಮ್ಮೆ ಜಗ್ಗಿ ಬಿಟ್ಟು ಮತ್ತೆ ಓದಿದೆವು. ಜಗ್ಗಿ ಬಿಡುವುದು ಏಕೆಂದರೆ ಥ್ರಾಟಲ್ ತನ್ನ ನಿಜವಾದ ಜಾಗಕ್ಕೆ ಬಂದು ಕೂರಬೇಕು. ಎರಡೂ ಐದೂವರೆಗೆ ಬಂದವು, 800 ಆರ್‌ಪಿಎಂ. ಮುಳ್ಳು ಸ್ವಲ್ಪ ನಡುಗುವುದು ಸಹಜ. ಈ ಎಂಜಿನ್ನಿನಲ್ಲಿ 1 ಮತ್ತು 2ನೇ ಸಿಲಿಂಡರ್‌ಗಳು ಒಂದೇ ಇನ್‌ಲೆಟ್ ಪೋರ್ಟ್ ಹಂಚಿಕೊಳ್ಳುತ್ತವೆ, 3 ಮತ್ತು 4 ಇನ್ನೊಂದನ್ನು. ಫೈರಿಂಗ್ ಆರ್ಡರ್ 1-3-4-2. ಹಾಗಾಗಿ ಪ್ರತಿ ಕಾರ್ಬೊರೇಟರ್ ಮೇಲೂ ಒಂದರ ಬೆನ್ನಿಗೆ ಒಂದು ಎರಡು ಎಳೆತ ಬಿದ್ದು, ಆಮೇಲೆ ಬಿಡುವು. ನಡುಗುವ ಮುಳ್ಳಿನ ಮಧ್ಯದ ಜಾಗ ಓದಿದರೆ ಸಾಕು.

ಮಿಕ್ಸ್ಚರ್: ಎಂಜಿನ್ ಹೇಳುವುದನ್ನು ಕೇಳುವುದು

ಗಾಳಿ ಸಮವಾದ ಮೇಲೆ ಮಿಕ್ಸ್ಚರ್. ಮೊದಲು ಎರಡು ನಟ್‌ಗಳನ್ನೂ ಒಂದೇ ಲೆಕ್ಕದಲ್ಲಿ, ಒಂದೊಂದು ಮುಖದಂತೆ ತಿರುಗಿಸಿ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ವೇಗ ಇಳಿಯಲು ಶುರುವಾಗುವವರೆಗೆ ಲೀನ್ ಬದಿಗೆ ಮರಳಿದೆವು. ವೇಗ ಏರಿದರೆ ಐಡಲ್ ಸ್ಕ್ರೂಗಳಿಂದ ಎರಡನ್ನೂ ಸಮವಾಗಿ ಇಳಿಸಿ.

ಆಮೇಲೆ ಒಂದೊಂದನ್ನೇ ಪರೀಕ್ಷಿಸುವುದು ಕಾರ್ಬೊರೇಟರ್‌ನಲ್ಲೇ ಇರುವ, ಪಿಸ್ಟನ್ ಎತ್ತುವ ಪಿನ್‌ನಿಂದ. ಪಿನ್ ಮೊದಲು ಸ್ವಲ್ಪ ಖಾಲಿ ಚಲಿಸುತ್ತದೆ, ಪಿಸ್ಟನ್ ಮುಟ್ಟಿದ ಮೇಲೆ ಇಂಚಿನ ಮೂವತ್ತೆರಡನೇ ಒಂದು ಭಾಗ, ಸುಮಾರು 0.8 ಮಿ.ಮೀ. ಮಾತ್ರ ಎತ್ತಬೇಕು. ವೇಗ ಕ್ಷಣಕಾಲ ಸ್ವಲ್ಪ ಏರಿ ಮತ್ತೆ ನೆಲೆಗೆ ಬಂದರೆ ಸರಿ. ಏರಿ ಹಾಗೇ ನಿಂತರೆ ಆ ಕಾರ್ಬೊರೇಟರ್ ರಿಚ್. ಏರದೆ ತಕ್ಷಣ ಬಿದ್ದರೆ ಲೀನ್. ಹೆಚ್ಚು ಎತ್ತಿದರೆ ಎಂಥ ಮಿಕ್ಸ್ಚರ್‌ನಲ್ಲೂ ಎಂಜಿನ್ ಬೀಳುತ್ತದೆ. ‘ಲೀನ್ ಇದೆ’ ಎಂದು ತಪ್ಪು ತಿಳಿದು ರಿಚ್ ಮಾಡುವುದಕ್ಕೆ ಇದೇ ದೊಡ್ಡ ಕಾರಣ. ಬ್ಯಾಲೆನ್ಸ್ ಪೈಪ್ ಇರುವುದರಿಂದ ಹಿಂದಿನದನ್ನು ತಿದ್ದಿದ ಕೂಡಲೇ ಮುಂದಿನದರ ನಡತೆಯೂ ಬದಲಾಗುತ್ತದೆ. ಹಿಂದಿನದು, ಮುಂದಿನದು, ಮತ್ತೆ ಹಿಂದಿನದು, ಹೀಗೆ ಓಡಾಡಲೇಬೇಕು. ಒಂದು ಸಲಕ್ಕೆ ಒಂದೇ ಮುಖ.

ಸೈಲೆನ್ಸರ್ ಬಾಯಿಯ ಸದ್ದೂ ಸಾಕ್ಷಿ. ಹೊಗೆಯಲ್ಲಿ ಬಣ್ಣವಿಲ್ಲದೆ, ಅಲ್ಲೊಂದು ಇಲ್ಲೊಂದು ಪಚಕ್ ಎಂಬ ತಾಳ ತಪ್ಪಿದ ಮಿಸ್ ಬಂದರೆ ಲೀನ್. ತಾಳಬದ್ಧವಾಗಿ ಮಿಸ್ ಆಗುತ್ತ ಕಪ್ಪು ಹೊಗೆ ಬಂದರೆ ರಿಚ್. ಗಾಜಿನ ಕಿಟಕಿ ಇರುವ ಕಲರ್‌ಟ್ಯೂನ್ ಪ್ಲಗ್ ಇದ್ದರೆ ಒಂದನೇ ಮತ್ತು ನಾಲ್ಕನೇ ಸಿಲಿಂಡರ್‌ಗೆ ಸರದಿಯಂತೆ ಹಾಕಿ ನೋಡಬಹುದು: ಗ್ಯಾಸ್ ಒಲೆಯಂಥ ನೀಲಿ ಜ್ವಾಲೆ ಸರಿ, ಹಳದಿ ರಿಚ್, ಬಿಳಿಚಿದ ನೀಲಿ ಲೀನ್.

ಈ ಹಂತದಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿ ತುಂಬ ಹೊತ್ತು ನಿಲ್ಲುತ್ತದೆ. ಮೂರು ನಿಮಿಷ ಮೀರಿದರೆ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಓಡಿಸಿ ಮ್ಯಾನಿಫೋಲ್ಡ್ ಶುದ್ಧ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಗೋಡೆಗೆ ಕೂತ ಪೆಟ್ರೋಲ್, ಮಸಿ ಹಿಡಿದ ಪ್ಲಗ್, ಎಂಜಿನ್ನಿನ ಏರುತ್ತಿರುವ ಬಿಸಿ ಮೂರೂ ಸೇರಿ ಓದುವಿಕೆಯನ್ನು ಹಾಳು ಮಾಡುತ್ತವೆ. ರೇಡಿಯೇಟರ್ ಎದುರು ಫ್ಯಾನ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮುಂದಿನ ಕಾರ್ಬೊರೇಟರ್ ಹನ್ನೊಂದು ಮುಖಕ್ಕೆ, ಹಿಂದಿನದು ಹತ್ತಕ್ಕೆ ಬಂದು ನಿಂತಿತು. ಒಂದೆರಡು ಮುಖದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನಾಲ್ಕು ದಾಟಿದರೆ ನಾವು ತಿರುಗಿಸುವುದನ್ನು ನಿಲ್ಲಿಸಿ ಫ್ಲೋಟ್, ನೀಡಲ್‌ನ ಕೂರುವ ಮಟ್ಟ, ಜೆಟ್ ಸವೆತ ಮತ್ತೆ ನೋಡುತ್ತೇವೆ. ಅಲುಗಾಡದ ನೀಡಲ್ ವರ್ಷಗಟ್ಟಲೆ ಉಜ್ಜಿ ಜೆಟ್ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ನಟ್ ಪೂರ್ತಿ ಮೇಲೇರಿಸಿದರೂ ಐಡ್ಲಿಂಗ್ ರಿಚ್ ಆಗಿಯೇ ಇರುತ್ತದೆ. ಅಂಥ ಜೆಟ್‌ಗೆ ಬದಲಾವಣೆಯೊಂದೇ ಮದ್ದು, ನೀಡಲ್ ಜೊತೆಗೇ.

ಮಿಕ್ಸ್ಚರ್ ಬದಲಾದರೆ ಗಾಳಿಯ ಸಮತೂಕವೂ ಕದಲುತ್ತದೆ. ಸಿಂಕ್ರೊಮೀಟರ್ ಮತ್ತೆ ಹಿಡಿದು ಎರಡನ್ನೂ ಸಮ ಮಾಡಿ ಮುಂದೆ ಹೋಗಬೇಕು.

ಲಿಂಕೇಜ್

ಈಗ ದೂರಿನ ಬೇರಿಗೆ ಬಂದೆವು. ನಡುವಿನ ಥ್ರಾಟಲ್ ರಾಡಿನ ಎರಡು ತುದಿಯಲ್ಲೂ ಪಿನ್ ಇರುವ ಲಿವರ್‌ಗಳಿವೆ. ಪ್ರತಿ ಪಿನ್ ಕಾರ್ಬೊರೇಟರ್ ಸ್ಪಿಂಡಲ್‌ನ ಕವಲಿನೊಳಗೆ ಕೂರುತ್ತದೆ. ಐಡ್ಲಿಂಗ್‌ನಲ್ಲಿ ಪಿನ್ ಕವಲನ್ನು ಮುಟ್ಟಬಾರದು. ಮುಟ್ಟಿದರೆ ಆ ಥ್ರಾಟಲ್ ತನ್ನ ಸ್ಕ್ರೂ ಮೇಲೆ ಕೂರದೆ ರಾಡಿನ ಮೇಲೆ ಕೂರುತ್ತದೆ. ಹಾಗೆಂದು ಸಂದು ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಇದ್ದರೆ ಪೆಡಲ್ ಒತ್ತಿದಾಗ ಒಂದು ಥ್ರಾಟಲ್ ಮೊದಲು ತೆರೆದು ಇನ್ನೊಂದು ಹಿಂದೆ ಬೀಳುತ್ತದೆ. ಈ ಗಾಡಿಯಲ್ಲಿ ಆಗಿದ್ದದ್ದು ಅದೇ. ಬಿಚ್ಚುವ ಮೊದಲೇ ಬೆರಳಿನಿಂದ ರಾಡ್ ಮೆಲ್ಲಗೆ ತಿರುಗಿಸಿ ನೋಡಿದ್ದೆವು: ಹಿಂದಿನ ಥ್ರಾಟಲ್ ಕಣ್ಣಿಗೆ ಕಾಣುವಷ್ಟು ತೆರೆದ ಮೇಲೆ ಮುಂದಿನದು ಅಲುಗಾಡಿತ್ತು.

ಸರಿಪಡಿಸುವ ಬಗೆ ಹೀಗೆ. ಎಂಜಿನ್ ನಿಲ್ಲಿಸಿ, ಥ್ರಾಟಲ್ ರಾಡಿನ ತಡೆಗೂ ಚೋಕ್ ರಾಡಿಗೂ ನಡುವೆ 0.012 ಇಂಚು, ಅಂದರೆ 0.30 ಮಿ.ಮೀ. ಫೀಲರ್ ಗೇಜ್ ಇಡಬೇಕು. ಒಂದು ಬದಿಯ ಲಿವರ್ ಕೆಳಕ್ಕೆ ಒತ್ತಿ, ಪಿನ್ ಕವಲಿನ ಕೆಳತೋಳಿನ ಮೇಲೆ ಹಗುರವಾಗಿ ಕೂತಾಗ ಕ್ಲಾಂಪ್ ಬೋಲ್ಟ್ ಬಿಗಿ ಮಾಡಬೇಕು. ಒತ್ತುವುದು ಹೆಚ್ಚಾದರೆ ಥ್ರಾಟಲ್ ತೆರೆಯುತ್ತದೆ, ಕಡಿಮೆಯಾದರೆ ಸಂದು ಉಳಿಯುತ್ತದೆ. ಅದಕ್ಕೇ ಬೆರಳಿನ ತೂಕ ಎರಡೂ ಬದಿಗೂ ಒಂದೇ ಇರಲಿ. ಇನ್ನೊಂದು ಬದಿಗೂ ಹಾಗೇ ಮಾಡಿ ಗೇಜ್ ತೆಗೆದರೆ ಎರಡು ಪಿನ್‌ಗಳಿಗೂ ಒಂದೇ ಅಳತೆಯ ಸಂದು ಸಿಗುತ್ತದೆ. ಬೋಲ್ಟ್ ಬಿಗಿ ಮಾಡುವಾಗ ಲಿವರ್ ಸ್ಪ್ಯಾನರ್ ಜೊತೆ ತಿರುಗಿಬಿಡುತ್ತದೆ, ಒಂದು ಕೈ ಅದನ್ನು ಹಿಡಿದೇ ಇರಬೇಕು. ರಾಡ್ ಉದ್ದುದ್ದಕ್ಕೆ ಸ್ವಲ್ಪ ಆಟ ಇದೆಯೇ ಎಂದೂ ನೋಡಿ. ಆಟವಿಲ್ಲದೆ ಬಿಗಿದರೆ ಎಂಜಿನ್ ಬಿಸಿಯಾದಾಗ ಸ್ಪಿಂಡಲ್ ಹಿಡಿದುಕೊಳ್ಳುತ್ತದೆ, ಐಡ್ಲಿಂಗ್ ಕೆಳಗಿಳಿಯುವುದಿಲ್ಲ.

ಲಿಂಕೇಜ್ ಸರಿಯಾಯಿತೋ ಇಲ್ಲವೋ ಎಂದು ತೋರಿಸುವುದು ಐಡ್ಲಿಂಗ್ ಅಲ್ಲ, 1500 ಆರ್‌ಪಿಎಂ. ಕೇಬಲ್ ಬದಿಯಿಂದಲೇ ಥ್ರಾಟಲ್ ತೆರೆದು ಆ ವೇಗದಲ್ಲಿ ಹಿಡಿದು ಎರಡು ಬಾಯಿಗಳನ್ನೂ ಓದಬೇಕು. ಒಂದು ಐಡಲ್ ಸ್ಕ್ರೂ ಒತ್ತಿ ವೇಗ ಏರಿಸಿದರೆ ಉಪಯೋಗವಿಲ್ಲ, ಲಿಂಕೇಜ್ ಆಟಕ್ಕೇ ಬರುವುದಿಲ್ಲ. ಮೊದಲ ಓದಿನಲ್ಲಿ ಮುಂದಿನದು ಸ್ವಲ್ಪ ಕೆಳಗಿತ್ತು. ಮುಂದಿನ ಲಿವರ್‌ನ ಕ್ಲಾಂಪ್ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಎರಡೂ ಒಂದಾದವು. 2000ಕ್ಕೆ ಏರಿಸಿ ನೋಡಿದಾಗಲೂ ಸಮ. ಮತ್ತೆ ಐಡ್ಲಿಂಗ್‌ಗೆ ಬಿಟ್ಟು ಪಿನ್‌ಗಳು ಸಡಿಲವಾಗಿವೆಯೇ ಎಂದು ಬೆರಳಿನಿಂದ ಅಲುಗಾಡಿಸಿ ನೋಡಿದೆವು.

ಐಡ್ಲಿಂಗ್‌ನಲ್ಲಿ ಸಮ, 1500ರಲ್ಲಿ ಸಮ, ಆದರೆ 3000 ದಾಟಿದ ಮೇಲೆ ಬೇರೆ ಎಂದಾದರೆ ಲಿಂಕೇಜ್ ಬಿಟ್ಟು ಡ್ಯಾಷ್‌ಪಾಟ್ ಕಡೆ ಹೋಗಬೇಕು. ಒಂದು ಪಿಸ್ಟನ್ ನಿಧಾನವಾಗಿ ಏಳುತ್ತಿದೆ, ಅಥವಾ ಒಂದರ ಸ್ಪ್ರಿಂಗ್ ಬೇರೆ ಬಣ್ಣದ್ದು.

ಚೋಕ್ ರಾಡ್ ಕೊನೆಗೆ. ಎರಡು ಜೆಟ್‌ಗಳೂ ಒಂದೇ ಸಲ ಇಳಿಯುವಂತೆ ಕ್ಲಾಂಪ್ ಬಿಗಿ ಮಾಡಿ, ನಾಬ್ ಎಳೆದಾಗ ಜೆಟ್ ಕದಲುವ ಮುಂಚಿನ ಜಾಗದಲ್ಲಿ ನಿಲ್ಲಿಸಿ, ಫಾಸ್ಟ್ ಐಡಲ್ ಸ್ಕ್ರೂಗಳನ್ನು 1000 ಆರ್‌ಪಿಎಂ ಆಸುಪಾಸಿಗೆ ಇಡಬೇಕು. ಇಲ್ಲೂ ಎರಡನ್ನೂ ಸಿಂಕ್ರೊಮೀಟರ್‌ನಲ್ಲಿ ಹೋಲಿಸಿದರೆ ಬೆಳಗಿನ ತಣ್ಣನೆಯ ಚಾಲೂ ಮೆತ್ತಗಾಗುತ್ತದೆ.

ಫಿಲ್ಟರ್ ಮತ್ತೆ ಹಾಕುವಾಗ

ಸರಿಯಾದ ಕೆಲಸ ಹಾಳಾಗುವ ಜಾಗ ಇದು. ಎಚ್‌ಎಸ್4ನ ಬಾಯಿಯ ಅಂಚಿನಲ್ಲಿ, ದೊಡ್ಡ ತೂತಿನ ಮೇಲ್ಭಾಗದಲ್ಲಿ, ಎರಡು ಸಣ್ಣ ತೂತುಗಳಿವೆ. ಪಿಸ್ಟನ್ನಿನ ತಟ್ಟೆಯ ಕೆಳಗಿನ ಜಾಗಕ್ಕೆ ಹೊರಗಿನ ಗಾಳಿ ಹೋಗುವುದು ಅವುಗಳಿಂದ. ಫಿಲ್ಟರ್ ಗ್ಯಾಸ್ಕೆಟ್ ತಲೆಕೆಳಗಾಗಿ ಹಾಕಿದರೆ ಆ ತೂತುಗಳು ಮುಚ್ಚಿ, ಪಿಸ್ಟನ್ ಸರಿಯಾಗಿ ಏಳುವುದಿಲ್ಲ. ಫಿಲ್ಟರ್ ಇಲ್ಲದೆ ಚೆನ್ನಾಗಿ ಓಡುವ ಗಾಡಿ ಫಿಲ್ಟರ್ ಹಾಕಿದ ಕೂಡಲೇ ಕೆಟ್ಟರೆ ಮೊದಲು ಗ್ಯಾಸ್ಕೆಟ್ ತೆಗೆದು ನೋಡಿ.

ರಸ್ತೆಯ ಮೇಲೆ ಮುಗ್ಗರಿಸುವುದೂ ಜಗ್ಗುವುದೂ ಹೋಗಿದ್ದವು. ಕೊನೆಯ ಪರೀಕ್ಷೆ ಪ್ಲಗ್‌ಗಳದು: ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿಸಿ, ಸುರಕ್ಷಿತ ಜಾಗದಲ್ಲಿ ಕ್ಲಚ್ ಒತ್ತಿ ಇಗ್ನಿಷನ್ ಆರಿಸಿ, ಐಡ್ಲಿಂಗ್‌ಗೆ ಬಿಡದೆ ನಿಲ್ಲಿಸಿ ನಾಲ್ಕನ್ನೂ ಬಿಚ್ಚಿ ನೋಡಬೇಕು. ತಿಳಿ ಕಂದು ಸರಿ, ಬಿಳಿ ಲೀನ್, ಒಣ ಕಪ್ಪು ಮಸಿ ರಿಚ್. 1-2 ಒಂದು ಬಣ್ಣ, 3-4 ಇನ್ನೊಂದು ಬಣ್ಣ ಬಂದರೆ ಕಾರ್ಬೊರೇಟರ್‌ಗಳ ವ್ಯತ್ಯಾಸ. ಒಂದೇ ಜೋಡಿಯೊಳಗೆ ಬಣ್ಣ ಬೇರೆಯಾದರೆ ಅದು ಕಾರ್ಬೊರೇಟರ್ ತಪ್ಪಲ್ಲ, ವಾಲ್ವ್ ಅಥವಾ ಇಗ್ನಿಷನ್ ನೋಡಿ.

ಬೇರೆ ಕಾರ್ಬೊರೇಟರ್‌ಗಳಿಗೆ

ಎಚ್‌ಐಎಫ್4ಗೂ ಇದೇ ಕ್ರಮ. ಜೆಟ್ ನಟ್ ಬದಲು ಬದಿಯಲ್ಲಿ ಸ್ಕ್ರೂ ಇದೆ, ಬಲಕ್ಕೆ ತಿರುಗಿಸಿದರೆ ರಿಚ್. ಜೆಟ್ ಬ್ರಿಡ್ಜ್‌ಗೆ ಸಮನಾದ ಜಾಗದಿಂದ ಎರಡು ಸುತ್ತು ಬಲಕ್ಕೆ ಎಂಬುದು ಆರಂಭದ ಲೆಕ್ಕ. ಜಾಗ್ವಾರ್ ಇ-ಟೈಪ್‌ನ ಮೂರು ಎರಡಿಂಚಿನ ಎಚ್‌ಡಿ8ಗಳಲ್ಲಿ ಐಡ್ಲಿಂಗ್‌ನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿರುತ್ತದೆ, ಗಾಳಿ ಬೇರೆ ದಾರಿಯಿಂದ ಬರುತ್ತದೆ. ಅಲ್ಲಿ ಸಮ ಮಾಡಬೇಕಾದದ್ದು ಆ ದಾರಿಯ ಸ್ಕ್ರೂಗಳನ್ನು. ಸ್ಟ್ರಾಂಬರ್ಗ್ ಕಾರ್ಬೊರೇಟರ್‌ನ ಹೊಂದಿಸುವ ನೀಡಲ್ ಇರುವ ಮಾದರಿಗಳಲ್ಲಿ ಡ್ಯಾಂಪರ್ ತೂತಿನೊಳಗೆ ವಿಶೇಷ ಸಾಧನ ಇಳಿಸಿ ತಿರುಗಿಸುತ್ತಾರೆ. ಸಾಧನದ ಹೊರ ಭಾಗ ಪಿಸ್ಟನ್ನನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಪಿಸ್ಟನ್ ತಿರುಗಿ ರಬ್ಬರ್ ಡಯಾಫ್ರಂ ಹರಿಯುತ್ತದೆ.

ವೆಬರ್ ಡಿಸಿಒಇ ಕಾರ್ಬೊರೇಟರ್ ಬೇರೆಯೇ ಜಾತಿ. ಪ್ರತಿ ಸಿಲಿಂಡರ್‌ಗೆ ಒಂದೊಂದು ಬ್ಯಾರೆಲ್ (ಗಾಳಿಯ ಕೊಳವೆ), ತಪ್ಪು ಮುಚ್ಚುವ ಬ್ಯಾಲೆನ್ಸ್ ಪೈಪ್ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಬ್ಯಾರೆಲ್ ಬ್ಯಾರೆಲ್‌ಗೂ ಗಾಳಿ ಅಳೆಯಬೇಕು. ಒಂದೇ ಕಾರ್ಬೊರೇಟರ್‌ನ ಎರಡು ಬ್ಯಾರೆಲ್‌ಗಳು ಬೇರೆ ಓದು ಕೊಟ್ಟರೆ ಸ್ಪಿಂಡಲ್ ತಿರುಚಿಕೊಂಡಿರಬಹುದು, ಅಥವಾ ಥ್ರಾಟಲ್ ತಟ್ಟೆ ಓರೆಯಾಗಿ ಕೂತಿರಬಹುದು. ಹೊಸ ಮಾದರಿಗಳಲ್ಲಿ ಇದಕ್ಕೆ ಗಾಳಿಯ ಬೈಪಾಸ್ ಸ್ಕ್ರೂಗಳಿವೆ. ಎರಡನ್ನೂ ಪೂರ್ತಿ ಮುಚ್ಚಿ ಓದಿ, ಕಡಿಮೆ ತೋರಿಸುವ ಬ್ಯಾರೆಲ್‌ನದನ್ನು ಮಾತ್ರ ಇನ್ನೊಂದಕ್ಕೆ ಸಮನಾಗುವವರೆಗೆ ತೆರೆಯಬೇಕು. ಹೆಚ್ಚು ತೋರಿಸುವುದರ ಸ್ಕ್ರೂ ಮುಚ್ಚಿಯೇ ಇರಬೇಕು. ಆಮೇಲೆ ಕಾರ್ಬೊರೇಟರ್‌ಗಳ ನಡುವಿನ ಲಿಂಕೇಜ್, ಅದನ್ನು ಪರೀಕ್ಷಿಸುವುದು ಇಲ್ಲೂ ಐಡ್ಲಿಂಗ್‌ಗಿಂತ ಮೇಲಿನ ವೇಗದಲ್ಲಿ.